ಪದಚರ್ಚೆ: ‘ಕೂಲೆಂಟ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್ ಹೈ’ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಗಾಡಿ ರಿಪೇರಿ ಕಲಿಯುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದೇ ಪುಟ ಉಳಿದಿದೆ. ಎಂಜಿನ್ನನ್ನು ತಣ್ಣಗಿಡುವ ದ್ರವದ, ಅಂದರೆ ಕೂಲೆಂಟಿನ, ಬಿಸಿ ತಿಳಿಸುವ ಸೆನ್ಸರ್ ಇದೆಯಲ್ಲ, ಅದರ ದೋಷದ ಕೋಡ್‌ಗಳ ಪಟ್ಟಿ. ಪಿ0117ರ ಮುಂದೆ ‘ಸರ್ಕ್ಯೂಟ್ ಲೋ’ ಎಂದಿದೆ, ಪಿ0118ರ ಮುಂದೆ ‘ಸರ್ಕ್ಯೂಟ್ ಹೈ’, ಪಿ0119ರ ಮುಂದೆ ‘ಇಂಟರ್‌ಮಿಟೆಂಟ್’.

ಸದ್ಯಕ್ಕೆ ಪಿ0118ಕ್ಕೆ ‘ಶೀತಕ ಉಷ್ಣತಾ ಸಂವೇದಕ ಮಂಡಲ – ಅಧಿಕ’ ಎಂದು ಬರೆದಿದ್ದೇನೆ. ಓದಿದರೆ ನನಗೇ ಅರ್ಥವಾಗುತ್ತಿಲ್ಲ. ‘ಉಷ್ಣತೆ ಅಧಿಕ’ ಎಂದು ಬಿಡಿಸಿ ಬರೆಯಲೇ? ‘ಓಪನ್ ಸರ್ಕ್ಯೂಟ್’ಗೆ ‘ತೆರೆದ ಮಂಡಲ’ ಸಾಕಾ? ಚೌಕ ಚಿಕ್ಕದು, ಐದಾರು ಪದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಇವತ್ತು ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

———

> ಶೀತಕ ಉಷ್ಣತಾ ಸಂವೇದಕ ಮಂಡಲ

ನಾಲ್ಕಕ್ಕೆ ನಾಲ್ಕೂ ಸಂಸ್ಕೃತ. ಕನ್ನಡಕ್ಕೆ ತಂದದ್ದು ಏನು ಹಾಗಾದರೆ?

‘ಕಾಯ್’ ಎಂಬ ಬೇರಿನಿಂದ ‘ಕಾವು’ ಬಂದಿದೆ. ‘ಬಿಸುಪು’ ಹಳಗನ್ನಡದಲ್ಲೇ ಇದೆ. ‘ತಣ್’ನಿಂದ ತಣ್ಣಗೆ, ತಂಪು, ತಣಿಸು ಎಲ್ಲ ಹುಟ್ಟಿವೆ. ಕೂಲೆಂಟಿಗೆ ‘ತಣಿಪು’ ಎನ್ನಿ. ಟೆಂಪರೇಚರ್ ಸೆನ್ಸರಿಗೆ ‘ಕಾವರಿಕ’ ಎನ್ನಿ. ಕಾವು + ಅರಿಕ, ಲೋಪಸಂಧಿ. ಸರ್ಕ್ಯೂಟಿಗೆ ‘ಸುತ್ತು’. ‘ತಣಿಪು ಕಾವರಿಕದ ಸುತ್ತು – ಹೆಚ್ಚು’. ಚೌಕದಲ್ಲಿ ಸಲೀಸಾಗಿ ಕೂರುತ್ತದೆ.

———

‘ಕಾವರಿಕ’ ನಿಲ್ಲುವುದಿಲ್ಲ. ತಿಳಿ ಎಂಬ ಅರ್ಥದ ಧಾತು ಹಳಗನ್ನಡದಲ್ಲಿ ‘ಅಱಿ’. ‘ಅರಿ’ ಎಂದರೆ ಕತ್ತರಿಸು. ಹೊಸಗನ್ನಡದಲ್ಲಿ ಶಕಟರೇಫ (‘ಱ’ ಅಕ್ಷರ) ಬಿಟ್ಟುಹೋಗಿ ಎರಡೂ ಒಂದೇ ಆದವು. ತಂತಿ ತುಂಡಾದ ದೋಷವನ್ನು ಹೇಳುವ ಪಟ್ಟಿಯಲ್ಲೇ ‘ಅರಿಕ’ ಎಂದರೆ ಓದುವವನು ಯಾವುದನ್ನು ತಿಳಿಯಬೇಕು? ‘ಸಂವೇದಕ’ ಪಠ್ಯಪುಸ್ತಕದಲ್ಲಿ ನೆಲೆನಿಂತ ಪದ, ಅದನ್ನು ಕದಲಿಸಬೇಡಿ. ಹಾಗಂತ ‘ಕಾವುಸಂವೇದಕ’ ಎಂದು ಬೆಸೆಯಲೂ ಬೇಡಿ, ಅದು ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ದೋಷ. ‘ಉಷ್ಣತಾ ಸಂವೇದಕ’ವೇ ಸರಿ.

———

ಮೇಡಂ,

ದಯವಿಟ್ಟು ‘ಉಷ್ಣತೆ ಅಧಿಕ’ ಎಂದು ಅಚ್ಚು ಹಾಕಿಸಬೇಡಿ. ಇಪ್ಪತ್ತು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ, ಹುಡುಗರಿಗೆ ಕಲಿಸುತ್ತಲೂ ಇದ್ದೇನೆ. ಆ ‘ಹೈ’ ಬಿಸಿಯದ್ದಲ್ಲ, ವೋಲ್ಟೇಜಿನದು. ಅಲ್ಲಿ ಬಿಸಿ ತೀರಾ ಕಡಿಮೆ ಎಂದು ತೋರಿಸುತ್ತದೆ. ನಿಮ್ಮ ಅನುವಾದ ಪೂರ್ತಿ ಉಲ್ಟಾ ಆಗುತ್ತದೆ.

ಸೆನ್ಸರಿನ ಒಳಗಿರುವುದು ಬಿಸಿ ಏರಿದಂತೆ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುವ ಒಂದು ಚೂರು. ಅನೇಕ ಗಾಡಿಗಳಲ್ಲಿ 20 ಡಿಗ್ರಿಗೆ ಎರಡೂವರೆ ಸಾವಿರ ಓಮ್ ಆಸುಪಾಸು, 80 ಡಿಗ್ರಿಗೆ ಮುನ್ನೂರರ ಆಸುಪಾಸು. ಎಂಜಿನ್ ಕಂಪ್ಯೂಟರ್ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರ್ ವೈರಿನಲ್ಲಿ ಎಷ್ಟು ಉಳಿಯಿತು ಎಂದು ನೋಡುತ್ತದೆ. ಎಂಜಿನ್ ತಣ್ಣಗಿದ್ದರೆ ವೋಲ್ಟೇಜ್ ಜಾಸ್ತಿ, ಬಿಸಿಯಾದರೆ ಕಡಿಮೆ. ವೈರ್ ಕಡಿದುಹೋದರೆ ಪೂರ್ತಿ 5 ವೋಲ್ಟ್ ಹಾಗೇ ಉಳಿಯುತ್ತದೆ. ಕಂಪ್ಯೂಟರ್ ಅದನ್ನು −40 ಡಿಗ್ರಿ ಎಂದು ಓದುತ್ತದೆ. ಅದೇ ನಿಮ್ಮ ಪಿ0118. ಸಿಗ್ನಲ್ ವೈರ್ ಗಾಡಿಯ ಲೋಹದ ಮೈಗೆ ತಾಗಿದರೆ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ, ಸ್ಕ್ಯಾನರಿನಲ್ಲಿ (ಕಂಪ್ಯೂಟರ್ ಓದಿದ್ದನ್ನು ತೋರಿಸುವ ಸಾಧನ) 140ರ ಹತ್ತಿರವೋ ಇನ್ನೂ ಮೇಲೋ ಬರುತ್ತದೆ. ಅದು ಪಿ0117, ‘ಲೋ’. (−40 ಎಂಬುದು ಸೆಲ್ಸಿಯಸ್‌ನಲ್ಲೂ ಫ್ಯಾರನ್‌ಹೀಟ್‌ನಲ್ಲೂ ಒಂದೇ. ಸ್ಕ್ಯಾನರ್ ಯಾವುದರಲ್ಲಿದ್ದರೂ ಈ ಅಂಕಿ ಕಂಡ ಕೂಡಲೇ ಕೈ ವೈರಿಂಗಿನ ಕಡೆ ಹೋಗಬೇಕು. ಕೆಲವು ಗಾಡಿಗಳು ದೋಷ ಕಂಡ ತಕ್ಷಣ ತಮ್ಮದೇ ಒಂದು ಅಂಕಿ ಇಟ್ಟುಕೊಳ್ಳುತ್ತವೆ, ಅಲ್ಲಿ −40 ಕಾಣದೇ ಇರಬಹುದು.)

ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ಇಂಥದ್ದೇ ಒಂದು ಅನುವಾದದ ಪಟ್ಟಿ ಓದಿ, ಎಂಜಿನ್ ಕಾಯುತ್ತಿದೆ ಎಂದುಕೊಂಡ. ಕೂಲೆಂಟ್ ಎಲ್ಲ ಇಳಿಸಿ, ಥರ್ಮೋಸ್ಟ್ಯಾಟ್ ಬಿಚ್ಚಿ ಕೂತಿದ್ದ. ಮಧ್ಯಾಹ್ನ ಪೂರ್ತಿ ಅದರಲ್ಲೇ ಹೋಯಿತು. ನಾನು ಬಂದು ಸೆನ್ಸರಿನ ಕನೆಕ್ಟರ್ ಎಳೆದು ನೋಡಿದೆ. ಎರಡು ಪಿನ್ನಿನಲ್ಲಿ ಒಂದು ಹಸಿರುಗಟ್ಟಿ ಪುಡಿಪುಡಿಯಾಗಿ ಉದುರುತ್ತಿತ್ತು. ಹುಡುಗನ ತಪ್ಪಲ್ಲ, ಓದಿದ್ದನ್ನೇ ಮಾಡಿದ್ದ.

ಪರೀಕ್ಷೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಚಾವಿ ಆನ್ ಮಾಡಿ ಕನೆಕ್ಟರ್ ಬಿಚ್ಚಿದರೆ −40 ಬರಬೇಕು. ಕನೆಕ್ಟರಿನ ಎರಡು ಕಿವಿಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದರೆ ಅಂಕಿ ಪೂರ್ತಿ ಮೇಲೇರಬೇಕು. ಎರಡೂ ಆದರೆ ವೈರಿಂಗೂ ಕಂಪ್ಯೂಟರೂ ಚೆನ್ನಾಗಿವೆ, ಸೆನ್ಸರನ್ನೋ ಪಿನ್ನನ್ನೋ ನೋಡಿ. ಬಿಚ್ಚಿದರೂ ಅಂಕಿ ಮೇಲೇ ನಿಂತರೆ ಸಿಗ್ನಲ್ ವೈರ್ ಎಲ್ಲೋ ತಾಗುತ್ತಿದೆ. ಸೇರಿಸಿದರೂ −40 ಬಿಟ್ಟು ಕದಲದಿದ್ದರೆ ಎರಡರಲ್ಲಿ ಒಂದು ವೈರ್ ಕಡಿದಿದೆ. ಇದನ್ನೆಲ್ಲ ಮಾಡಬೇಕಾದವನಿಗೆ ‘ಮಂಡಲ ಅಧಿಕ’ ಏನು ಹೇಳುತ್ತದೆ?

> ‘ತೆರೆದ ಮಂಡಲ’ ಸಾಕಾ?

ಸಾಲದು. ನಲ್ಲಿ ತೆರೆದರೆ ನೀರು ಬರುತ್ತದೆ. ಸರ್ಕ್ಯೂಟ್ ತೆರೆದರೆ ಕರೆಂಟು ನಿಲ್ಲುತ್ತದೆ. ಕನ್ನಡದಲ್ಲಿ ‘ತೆರೆದ’ ಎಂದ ಕೂಡಲೇ ಹರಿಯುತ್ತಿದೆ ಎಂದೇ ಮನಸ್ಸಿಗೆ ಬರುವುದು. ‘ಸಂಪರ್ಕ ಕಡಿದಿದೆ’ ಎಂದು ಬರೆಯಿರಿ. ವೈರ್ ತುಂಡಾಗಿದ್ದರೂ ಪಿನ್ ಸಡಿಲವಾಗಿದ್ದರೂ ಎರಡಕ್ಕೂ ಸಲ್ಲುತ್ತದೆ. ‘ಶಾರ್ಟ್’ ಹಾಗೇ ಇರಲಿ, ‘ಶಾರ್ಟ್ ಆಗಿದೆ’ ಎಂದರೆ ತಿಳಿಯದವರಿಲ್ಲ. ಪಿ0119ಕ್ಕೆ ‘ಬಿಟ್ಟು ಬಿಟ್ಟು ಬರುವ ದೋಷ’. ಜ್ವರಕ್ಕೆ ಹೇಳುತ್ತೇವಲ್ಲ, ಹಾಗೆ.

ಪಿ0117: ಕೂಲೆಂಟ್ ಸೆನ್ಸರ್ – ಸಿಗ್ನಲ್ ವೋಲ್ಟೇಜ್ ಕಡಿಮೆ.
ಪಿ0118: ಕೂಲೆಂಟ್ ಸೆನ್ಸರ್ – ಸಿಗ್ನಲ್ ವೋಲ್ಟೇಜ್ ಜಾಸ್ತಿ.

———

ಕೂಲೆಂಟ್, ಸೆನ್ಸರ್, ಸಿಗ್ನಲ್, ವೋಲ್ಟೇಜ್. ಕೊನೆಯಲ್ಲಿ ಒಂದು ‘ಕಡಿಮೆ’ ಕನ್ನಡ. ಇದಕ್ಕೆ ಅನುವಾದ ಎನ್ನುತ್ತೀರಾ? ಲಿಪಿ ಬದಲಿಸಿದ್ದು ಅಷ್ಟೇ. ಕೆಲಸಗಾರರ ಬಾಯಲ್ಲಿದೆ ಎಂದು ಎಲ್ಲವನ್ನೂ ಒಪ್ಪುತ್ತಾ ಹೋದರೆ ಮುಂದಿನ ತಲೆಮಾರಿಗೆ ಕ್ರಿಯಾಪದ ಮಾತ್ರ ಉಳಿಯುತ್ತದೆ. ‘ಕಟ್ ಆಗು’, ‘ಶಾರ್ಟ್ ಆಗು’, ‘ಲೂಸ್ ಆಗು’. ಎಲ್ಲದಕ್ಕೂ ‘ಆಗು’.

———

ಆ ‘ಆಗು’ವೇ ಕನ್ನಡ, ಸರ್. ಹೊರಗಿನ ಪದವನ್ನು ಒಳಗೆ ಕರೆದು ಕೂರಿಸುವ ಜಾಗ ಅದು. ಚಾವಿ ಪೋರ್ಚುಗೀಸರಿಂದ ಬಂತು, ಕುರ್ಚಿ ಅರಬ್ಬಿಯಿಂದ ಬಂತು. ಅವನ್ನು ಯಾರೂ ಈಗ ಹೊರಗಿನವು ಎನ್ನುವುದಿಲ್ಲ. ಅರಿಸಮಾಸ ಎಂದವರಿಗೂ ಒಂದು ಮಾತು: ‘ಮಳೆಗಾಲ’ದಲ್ಲಿ ಮಳೆ ಕನ್ನಡ, ಕಾಲ ಸಂಸ್ಕೃತ. ಅದನ್ನು ಬಿಟ್ಟು ಬದುಕುತ್ತೀರಾ?

———

‘ಮಳೆಗಾಲ’ ರೂಢಿಯಿಂದ ಬಂದದ್ದು. ರೂಢಿಗೆ ವಿನಾಯಿತಿ ಇದೆ. ನಿನ್ನೆ ಹೊಸೆದ ಪದಕ್ಕೆ ಇಲ್ಲ. ಇದನ್ನು ಮತ್ತೆ ಮತ್ತೆ ಹೇಳಬೇಕಾ?

———

ರೂಢಿಯೇ ಪ್ರಮಾಣವಾದರೆ ‘ಸೆನ್ಸರ್’ ಗೆದ್ದ ಹಾಗಾಯಿತು ಮೇಷ್ಟ್ರೇ. ‘ಸಂವೇದಕ’ ಪರೀಕ್ಷೆಯ ಉತ್ತರಪತ್ರಿಕೆ ದಾಟಿ ಹೊರಗೆ ಬಂದಿಲ್ಲ. ಆದರೆ ಕಾವು, ಬಿಸುಪು ಎಂದವರ ಮಾತನ್ನು ತಳ್ಳಿಹಾಕಬೇಡಿ. ಎಂಜಿನ್ ‘ಕಾದಿದೆ’ ಎಂದು ನಾವು ದಿನಾ ಹೇಳುತ್ತೇವೆ. ಬೇರೆ ಹೆಸರು ಬೇಕಿಲ್ಲದ ಕಡೆ ಆ ಪದ ತಾನಾಗಿಯೇ ಬಂದು ಕೂತಿದೆ. ವಿವರಣೆಯಲ್ಲಿ ಧಾರಾಳವಾಗಿ ಬಳಸಿ.

———

ಎಲ್ಲರಿಗೂ ವಂದನೆ.

ವೋಲ್ಟೇಜ್ ಎಂಬ ಪದ ಮೂಲದ ಸಾಲಿನಲ್ಲಿ ಇಲ್ಲದ್ದರಿಂದ ನಾನು ಬಿಸಿಗೆ ಹೋಗಿ ಅಂಟಿಕೊಂಡಿದ್ದೆ. ಈಗ ಸಾಲು ಹೀಗೆ ಹಾಕಿದ್ದೇನೆ: ‘ಕೂಲೆಂಟ್ ಸೆನ್ಸರ್: ಸಿಗ್ನಲ್ ವೋಲ್ಟೇಜ್ ಜಾಸ್ತಿ’. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಇದು ಎಂಜಿನ್ ಕಾದ ಸೂಚನೆಯಲ್ಲ. ಸಂಪರ್ಕ ಕಡಿದಿರಬಹುದು. ಸ್ಕ್ಯಾನರಿನಲ್ಲಿ −40 ಇದೆಯೇ ನೋಡಿ.’ ಪಿ0119ಕ್ಕೆ ‘ಬಿಟ್ಟು ಬಿಟ್ಟು ಬರುವ ದೋಷ’ವನ್ನೇ ಇಟ್ಟಿದ್ದೇನೆ. ಪುಟ ಕಳಿಸುತ್ತಿದ್ದೇನೆ.

———

ಮೇಡಂ, ಕಳಿಸುವ ಮುಂಚೆ ಒಂದು ಸಲ ನೋಡಿ. ಚೌಕ ಚಿಕ್ಕದು ಎಂದಿರಿ. ಸಾಲು ಮುರಿಯುವಾಗ ಮೈನಸ್ ಗುರುತು ಮೇಲಿನ ಸಾಲಿನಲ್ಲೇ ಉಳಿದು 40 ಒಂದೇ ಕೆಳಗೆ ಬರಬಾರದು.