ಸಹಾಯ ಬೇಕು: ವಾಶ್ ಹಾಕಿದ ಮೇಲೆ ಸಸ್ಪೆನ್ಶನ್ ಆರ್ಮ್ ಸೀಳಿದೆ

1/35 ಅಳತೆಯ ಟೈಗರ್ 1 ಟ್ಯಾಂಕ್‌ನ ಪ್ಲಾಸ್ಟಿಕ್ ಮಾದರಿ ಕಿಟ್. ಅಕ್ರಿಲಿಕ್ ಬಣ್ಣದ ಮೇಲೆ ಎನಾಮೆಲ್ ವಾಶ್ (ಸಂದುಗಳಲ್ಲಿ ನೆರಳು ಕಾಣಲು ಥಿನ್ನರ್‌ನಲ್ಲಿ ತೆಳುವಾಗಿಸಿದ ಬಣ್ಣ) ಹಾಕಿ ಒಣಗಲು ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬಲಬದಿಯಲ್ಲಿ ಚಕ್ರಗಳನ್ನು ಹಿಡಿದಿರುವ 8 ಆರ್ಮ್‌ಗಳಲ್ಲಿ ಮುಂದಿನ 2 ಬುಡದಲ್ಲೇ ಕೂದಲೆಳೆಯಷ್ಟು ಸೀಳಿ, ಮುಟ್ಟಿದರೆ ಅಲ್ಲಾಡುತ್ತಿವೆ. ಥಿನ್ನರ್ ಆ ಮೂಲೆಯಲ್ಲಿ ನಿಂತು ಬಣ್ಣ ಸರಿಯಾಗಿ ಕೂರದ ಪ್ಲಾಸ್ಟಿಕ್‌ಗೆ ಇಳಿದಿದೆ. ಜೊತೆಗೆ ಚಕ್ರಗಳನ್ನು ಸುತ್ತುವ ವಿನೈಲ್ ಟ್ರ್ಯಾಕ್ ಪಟ್ಟಿ ಬಿಗಿಯಾಗಿ ಎಳೆಯುತ್ತಿತ್ತು. ಬಣ್ಣ ಕಾಯುವ ಗ್ಲಾಸಿ (ಹೊಳಪಿನ) ಕೋಟ್ ಹೊಡೆದದ್ದು ಮೇಲ್ಭಾಗಕ್ಕಷ್ಟೇ, ಕೆಳಗೆ ಯಾರು ನೋಡ್ತಾರೆ ಅಂತ!

ಟ್ರ್ಯಾಕ್ ಬಿಚ್ಚಿದ್ದೇನೆ. ಚಕ್ರಗಳನ್ನು ಬರೀ ಸಿಕ್ಕಿಸಿದ್ದು, ಅಂಟಿಸಿಲ್ಲ. ಆರ್ಮ್ ಕಿತ್ತು, 0.5 ಮಿ.ಮೀ. ರಂಧ್ರ ಕೊರೆದು, ಹಿತ್ತಾಳೆ ತಂತಿ ತೂರಿಸಿ ಸೂಪರ್ ಗ್ಲೂ ಹಾಕಲೇ? ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ತೆಳು ಸಿಮೆಂಟ್ ಹಾಕಿದರೆ ಸೀಳು ಇನ್ನಷ್ಟು ಮೆತ್ತಗಾಗುವ ಅಳುಕಿದೆ. ಎಲ್ಲ ಚಕ್ರಗಳೂ ನೆಲಕ್ಕೆ ತಾಗುವಂತೆ ಆರ್ಮ್‌ಗಳನ್ನು ಒಂದೇ ಮಟ್ಟಕ್ಕೆ ಹಿಡಿದಿಡುವುದು ಹೇಗೆ? ಮಾಡಿದವರು ತಿಳಿಸಿ.