ನನ್ನ ಬ್ಲಾಗಿನ ಜಾಹೀರಾತು ನೋಡುವುದು ಬರಹವನ್ನೋ, ಓದುಗರನ್ನೋ?

ದೊಡ್ಡಪತ್ರೆ:

ಎಲ್ಲರಿಗೂ ನಮಸ್ಕಾರ. ನಾನು ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ಊರು ತೀರ್ಥಹಳ್ಳಿಯ ಸಮೀಪ. ದ್ವಿತೀಯ ಪಿಯುಸಿ ಮುಗಿದ ರಜೆಯಲ್ಲಿ, ಅಜ್ಜಿ ಬೇಲಿಯ ಬುಡದಿಂದ ಕಿತ್ತು ತರುತ್ತಿದ್ದ ಸೊಪ್ಪುಗಳ ಕುರಿತು ಬ್ಲಾಗೊಂದನ್ನು ಆರಂಭಿಸಿದೆ. ಒಂದೆಲಗ, ಚಕ್ರಮುನಿ, ಕಾಕಿಸೊಪ್ಪು, ಮಳೆಗಾಲದ ಮರಕೆಸು ಹೀಗೆ ಇದುವರೆಗೆ ಸುಮಾರು 90 ಬರಹಗಳಾಗಿವೆ. ತಿಂಗಳಿಗೆ ಮೂರು ಸಾವಿರದಷ್ಟು ವೀಕ್ಷಣೆಗಳಿರುತ್ತವೆ. ಆಷಾಢದಲ್ಲಿ ಪತ್ರೊಡೆಯ ದೆಸೆಯಿಂದ ಸ್ವಲ್ಪ ಹೆಚ್ಚು.

ಎರಡು ವರ್ಷಗಳ ಹಿಂದೆ ಜಾಹೀರಾತು ಜಾಲವೊಂದಕ್ಕೆ ಅರ್ಜಿ ಹಾಕಿ ಒಪ್ಪಿಗೆ ಪಡೆದೆ. ಖಾತೆಯಲ್ಲಿ 10 ಡಾಲರ್ ಸೇರಿದಾಗ ವಿಳಾಸ ಖಾತರಿಗಾಗಿ ಅಂಚೆಯಲ್ಲಿ ಆರಂಕಿಯ ಸಂಖ್ಯೆ ಇದ್ದ ಪುಟ್ಟ ಕಾಗದವೊಂದು ಬಂತು. ಅದನ್ನು ತಂದುಕೊಟ್ಟ ಪೋಸ್ಟ್‌ಮನ್ "ಬ್ಯಾಂಕಿಂದೇನೋ?" ಎಂದು ವಿಚಾರಿಸಿದಾಗ ಹೆಮ್ಮೆಯೇ ಆಗಿತ್ತು. ಈಗ ಆ ಮೊತ್ತ 27 ಡಾಲರ್ ಆಗಿದೆ. 100 ಡಾಲರ್ ತುಂಬದೆ ಹಣ ಕೈಗೆ ಬರುವುದಿಲ್ಲವಾದ್ದರಿಂದ, ಇದೇ ನಡಿಗೆಯಲ್ಲಿ ಇನ್ನೂ ಐದು ವರ್ಷಕ್ಕೂ ಹೆಚ್ಚು ಕಾಯಬೇಕು.

ನನ್ನನ್ನು ಇಲ್ಲಿ ಬರೆಯುವಂತೆ ಮಾಡಿದ್ದು ಹಣವಲ್ಲ, ನನ್ನ ಸೋದರತ್ತೆಯ ಫೋನ್ ಕರೆ. "ಪತ್ರೊಡೆ ಮಾಡೋದು ಹೇಳ್ತಾ ಹೇಳ್ತಾ ನಡುವೆ ಸಾಲ ತಗೊಳ್ಳಿ ಅಂತ ಯಾಕೋ ಬರೆದೀಯ?" ಎಂದು ಅವರು ಕೇಳಿದರು. ಅದೇ ಪುಟವನ್ನು ನನ್ನ ಫೋನಿನಲ್ಲಿ ತೆರೆದರೆ ಅದೇ ಜಾಗದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಯ ಜಾಹೀರಾತು ಇತ್ತು. ವಿಚಾರಿಸಿದಾಗ, ಹಿಂದಿನ ವಾರವಿಡೀ ಅತ್ತೆ ಚಿನ್ನದ ಮೇಲಿನ ಸಾಲದ ಬಡ್ಡಿಯನ್ನು ಹುಡುಕುತ್ತಿದ್ದರೆಂದು ತಿಳಿಯಿತು. ಮನೆಯಲ್ಲಿ ಯಾರಿಗೂ ಹೇಳದ ಸಂಗತಿ ನನ್ನ ಸೊಪ್ಪಿನ ಪುಟದಲ್ಲಿ ಬಯಲಾದಂತಾಯಿತು.

ಜಾಹೀರಾತು ಬರಹವನ್ನು ಬಿಟ್ಟು ಓದುಗರನ್ನು ಹಿಂಬಾಲಿಸಲು ತೊಡಗಿದ್ದು ಯಾವಾಗ? ಕುಕಿಗಳ (ಓದುಗರನ್ನು ಗುರುತಿಸಲು ತಾಣಗಳು ಅವರ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಕಡತಗಳ) ಕಾಲ ಮುಗಿಯುತ್ತಿದೆ, ಮತ್ತೆ ಬರಹಕ್ಕೇ ಬೆಲೆ ಬರುತ್ತದೆ ಎಂದು ತರಗತಿಯಲ್ಲಿ ಕೇಳಿದ್ದೇನೆ, ಅದು ನಿಜವೇ? ನನ್ನಂಥ ಸಣ್ಣ ಬ್ಲಾಗಿನವರು ಈ ಜಾಹೀರಾತುಗಳನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಕಾಗದದ ದೋಣಿ:

ನಾನು 2007ರಿಂದ ಕನ್ನಡದಲ್ಲಿ ಬ್ಲಾಗು ಬರೆಯುತ್ತಿದ್ದೇನೆ. ಈಗ ಅಲ್ಲಿ ಧೂಳು ಹಿಡಿದಿದೆ ಎನ್ನುವುದು ಬೇರೆ ಮಾತು. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ಎಂಬ ಅಮೆರಿಕದ ಜಾಲತಾಣದಲ್ಲಿ ಮೊದಲ ಬ್ಯಾನರ್ ಜಾಹೀರಾತುಗಳು ಬಂದಾಗ, ಪತ್ರಿಕೆಯ ಪುಟದಲ್ಲಿ ಜಾಗ ಮಾರುವಂತೆಯೇ ಅಲ್ಲಿಯೂ ಜಾಗ ಮಾರಲಾಗಿತ್ತು; ಯಾರು ಬಂದರೂ ಕಾಣುತ್ತಿದ್ದುದು ಅದೇ ಜಾಹೀರಾತು. ಗೂಗಲ್ 2003ರಲ್ಲಿ ಬ್ಲಾಗರ್ ಎಂಬ ಉಚಿತ ಬ್ಲಾಗು ಸೇವೆಯನ್ನು ಕೊಂಡುಕೊಂಡಿತು, ಅದೇ ವರ್ಷ ಆಡ್‌ಸೆನ್ಸ್ ಎಂಬ ಜಾಹೀರಾತು ಜಾಲವನ್ನು ಆರಂಭಿಸಿತು; ಅದು ಇತರರ ತಾಣಗಳಲ್ಲಿ ಜಾಹೀರಾತು ತೋರಿಸಿ ಹಣದಲ್ಲಿ ಪಾಲು ಕೊಡುತ್ತದೆ. ಸಣ್ಣ ಬರಹಗಾರರ ಮಟ್ಟಿಗೆ ಇವೆರಡನ್ನೂ ಒಟ್ಟಿಗೆ ನೋಡಬೇಕು, ಏಕೆಂದರೆ ಬರೆಯಲು ಉಚಿತ ಜಾಗ ಮತ್ತು ಆ ಬರಹದ ಪಕ್ಕದಲ್ಲಿ ಹಣದ ಆಸೆ ಎರಡೂ ಒಂದೇ ಮನೆಯಿಂದ ಬಂದವು. ಆಗಿನ ಆಡ್‌ಸೆನ್ಸ್ ಪುಟದ ಪದಗಳನ್ನು ಓದಿ ಅದಕ್ಕೆ ಹೊಂದುವ ಜಾಹೀರಾತನ್ನು ತರುತ್ತಿತ್ತು. ನೀವು ಆಗ ಇಂಗ್ಲಿಷಿನಲ್ಲಿ ಸೊಪ್ಪಿನ ಬಗ್ಗೆ ಬರೆದಿದ್ದರೆ ಬೀಜದ ಅಂಗಡಿಯೋ ಅಡುಗೆ ಪಾತ್ರೆಯೋ ಕಾಣುತ್ತಿತ್ತು. 2009ರಲ್ಲಿ ಗೂಗಲ್ ಓದುಗರ ಆಸಕ್ತಿಯನ್ನು ಆಧರಿಸಿದ ಜಾಹೀರಾತುಗಳನ್ನು ಆರಂಭಿಸಿತು. ಅದಕ್ಕೆ ಒಂದು ವರ್ಷ ಮೊದಲು ಜಾಲತಾಣಗಳಿಗೆ ಜಾಹೀರಾತು ಹಂಚುತ್ತಿದ್ದ ಡಬಲ್‌ಕ್ಲಿಕ್ ಕಂಪನಿಯನ್ನು ಗೂಗಲ್ ಕೊಳ್ಳುವ ವ್ಯವಹಾರ ಪೂರ್ಣಗೊಂಡಿತ್ತು. ನೀವು ಕೇಳಿದ ತಿರುವು ಇರುವುದು ಅಲ್ಲಿ.

ಆದರೆ ಬರಹ ನೋಡಿ ಜಾಹೀರಾತು ಬರುತ್ತಿದ್ದ ಆ ಸುವರ್ಣಕಾಲ ಕನ್ನಡದವರಿಗೆ ಬರಲೇ ಇಲ್ಲ. ಮೊದಮೊದಲು ನಮ್ಮ ಎಷ್ಟೋ ತಾಣಗಳು ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಗಣಕದಲ್ಲಿ ಒಂದೊಂದು ಸಂಕೇತ ಕೊಡುವ ಪದ್ಧತಿ) ಬಳಸುತ್ತಿರಲಿಲ್ಲ; ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇದ್ದುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಯಂತ್ರ ಅದನ್ನು ಏನೆಂದು ಓದಬೇಕು? ಯುನಿಕೋಡ್ ಬಂದ ಮೇಲೂ ಆಡ್‌ಸೆನ್ಸ್ ಒಪ್ಪುವ ಭಾಷೆಗಳ ಪಟ್ಟಿಯಲ್ಲಿ ಹಿಂದಿ ಸೇರಿದ್ದು 2014ರ ಕೊನೆಗೆ, ತಮಿಳು 2018ರಲ್ಲಿ, ಕನ್ನಡ ಅದಕ್ಕೂ ತಡವಾಗಿ. ಅಷ್ಟರಲ್ಲಿ ಬ್ಲಾಗುಗಳ ಓದುಗರು ಫೇಸ್‌ಬುಕ್ಕಿಗೆ ಹೋಗಿದ್ದರು. 2013ರ ಜುಲೈಯಲ್ಲಿ ಬೇರೆ ಬೇರೆ ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದ ದಿನ ನಾನು ಅನುಸರಿಸುತ್ತಿದ್ದ ನೂರಕ್ಕೂ ಹೆಚ್ಚು ಬ್ಲಾಗುಗಳ ಪಟ್ಟಿಯನ್ನು ಕಡತಕ್ಕೆ ಇಳಿಸಿಟ್ಟುಕೊಂಡೆ. ಆ ಕಡತವನ್ನು ಮತ್ತೆ ತೆರೆದಿಲ್ಲ.

ಯಾಣದ ದಾರಿ:

ನಾನು ಬೆಂಗಳೂರಿನಲ್ಲಿ ಜಾಹೀರಾತು ತಂತ್ರಾಂಶದ ಕೆಲಸದಲ್ಲಿದ್ದೇನೆ; ಊರು ಶಿರಸಿ. ಆದ್ದರಿಂದ ಅಡಿಕೆಯ ಉದಾಹರಣೆ ಕೊಟ್ಟರೆ ಕ್ಷಮಿಸಬೇಕು. ವಖಾರಿಯಲ್ಲಿ ಅಡಿಕೆಯ ರಾಶಿ ಹಾಕಿರುತ್ತಾರೆ, ವ್ಯಾಪಾರಿಗಳು ಒಂದು ಹಿಡಿ ಎತ್ತಿ, ಕತ್ತರಿಸಿ ನೋಡಿ ದರ ಬರೆಯುತ್ತಾರೆ. ನಿಮ್ಮ ಪುಟ ತೆರೆದುಕೊಳ್ಳುವಾಗಲೂ ಇಂಥದೇ ಒಂದು ಹರಾಜು ನಡೆಯುತ್ತದೆ, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ. ಪುಟದ ವಿಳಾಸ, ಫೋನಿನ ಬಗೆ, ಓದುಗರು ಇರುವ ಊರಿನ ಅಂದಾಜು, ಅವರನ್ನು ಗುರುತಿಸುವ ಒಂದು ಸಂಖ್ಯೆ ಇವಿಷ್ಟು ಕೊಳ್ಳುವವರಿಗೆ ಹೋಗುತ್ತವೆ. ಇಲ್ಲಿ ಹೆಚ್ಚಿನ ವ್ಯಾಪಾರಿಗಳು ರಾಶಿಯನ್ನು ನೋಡುವುದೇ ಇಲ್ಲ. ರಾಶಿಯ ಮುಂದೆ ಬಂದು ನಿಂತವರು ಯಾರೆಂದು ನೋಡಿ ದರ ಬರೆಯುತ್ತಾರೆ. ನಿಮ್ಮ ಅತ್ತೆ ಚಿನ್ನದ ಸಾಲ ಹುಡುಕಿದವರಾದ್ದರಿಂದ ಸಾಲದವರು ಹೆಚ್ಚಿಗೆ ಬರೆದರು, ಗೆದ್ದರು. ಪತ್ರೊಡೆಗೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯ ಪ್ರಶ್ನೆಗೆ ಬಂದರೆ, ನಿಮ್ಮ ತರಗತಿಯಲ್ಲಿ ಹೇಳಿದ್ದು ಅರ್ಧ ನಿಜ. ಆ ಗುರುತಿನ ಸಂಖ್ಯೆಯನ್ನು ತಾಣದಿಂದ ತಾಣಕ್ಕೆ ಹೊತ್ತೊಯ್ಯುವ ಥರ್ಡ್ ಪಾರ್ಟಿ ಕುಕಿಗಳನ್ನು ಆ್ಯಪಲ್‌ನ ಸಫಾರಿ ಬ್ರೌಸರ್ 2020ರ ಮಾರ್ಚಿನಲ್ಲಿ ಪೂರ್ತಿ ತಡೆಯಿತು. ಬೇರೆ ಕಂಪನಿಗಳ ಆ್ಯಪ್‌ಗಳಲ್ಲಿ ಬಳಕೆದಾರರನ್ನು ಹಿಂಬಾಲಿಸಬೇಕಾದರೆ ಅವರ ಅನುಮತಿ ಕೇಳಲೇಬೇಕೆಂದು ಆ್ಯಪಲ್ 2021ರ ಏಪ್ರಿಲಿನಲ್ಲಿ ಐಫೋನುಗಳಲ್ಲಿ ಜಾರಿಗೆ ತಂದಿತು. ತನ್ನ ಕ್ರೋಮ್ ಬ್ರೌಸರ್ ಕೂಡ ಎರಡು ವರ್ಷದೊಳಗೆ ಈ ಕುಕಿಗಳನ್ನು ನಿಲ್ಲಿಸುತ್ತದೆ ಎಂದು ಗೂಗಲ್ 2020ರ ಜನವರಿಯಲ್ಲಿ ಘೋಷಿಸಿ, ಮತ್ತೆ ಮತ್ತೆ ಮುಂದೂಡಿ, 2024ರ ಜುಲೈಯಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ನಮ್ಮ ಕಚೇರಿಯಲ್ಲಿ ಆ ನಾಲ್ಕು ವರ್ಷ ಇದೇ ತಯಾರಿಯಲ್ಲಿ ಕಳೆಯಿತು. ನಿಮ್ಮ ಓದುಗರಲ್ಲಿ ಬಹುಪಾಲು ಜನ ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ಬಳಸುವವರೇ ಆಗಿರುತ್ತಾರಾದ್ದರಿಂದ ಅವರ ಮಟ್ಟಿಗೆ ಹೆಚ್ಚೇನೂ ಬದಲಾಗಿಲ್ಲ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. 2024ರ ಆರಂಭದಿಂದ ಆಡ್‌ಸೆನ್ಸ್ ಕ್ಲಿಕ್ಕಿಗೆ ಬದಲು ಜಾಹೀರಾತು ಕಂಡದ್ದಕ್ಕೆ ಹಣ ಕೊಡುತ್ತದೆ. ಅಲ್ಲಿಂದೀಚೆಗೆ ದಿನದ ಲೆಕ್ಕದಲ್ಲಿ ಏರಿಳಿತ ಕಡಿಮೆ. ಆದರೆ ಓದುಗರ ಸಂಖ್ಯೆಯೇ ಎಲ್ಲವೂ ಆಗುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ಗೂಗಲ್ ಹುಡುಕಾಟದ ಮೇಲ್ಭಾಗದಲ್ಲಿ ಎಐ ಬರೆದ ಸಾರಾಂಶ ತೋರಿಸುವುದು ಭಾರತದಲ್ಲೂ ಆರಂಭವಾಯಿತು. ತಂಬುಳಿಗೆ ಎಷ್ಟು ಮಜ್ಜಿಗೆ ಎಂಬುದು ಅಲ್ಲೇ ಸಿಕ್ಕಿದರೆ ನಿಮ್ಮ ಪುಟದವರೆಗೆ ಬರುವವರು ಯಾರು? ನನ್ನ ಚಿಂತೆ ಕುಕಿಗಿಂತ ಇದರದೇ ಹೆಚ್ಚು.

ಅಂದಹಾಗೆ, ನಿಮ್ಮ ಖಾತೆಯ ವ್ಯವಸ್ಥೆಯಲ್ಲಿ ಸೂಕ್ಷ್ಮ ವಿಭಾಗಗಳನ್ನು ತಡೆಯುವ ಅವಕಾಶ ಇದ್ದೇ ಇರುತ್ತದೆ. ಸಾಲ, ಜೂಜಿನಂಥ ಆಟ, ತೂಕ ಇಳಿಸುವ ಔಷಧ ಇವನ್ನು ಇಂದೇ ತಡೆಯಿರಿ. ಆದಾಯ ಇನ್ನೂ ಇಳಿಯುತ್ತದೆ, ನಿಜ. 27 ಡಾಲರಿನಲ್ಲಿ ಇಳಿಯುವುದಕ್ಕೆ ಏನಿದೆ?

ತುಂಗಾತೀರ:

ಬಳಕೆದಾರರ ಹಕ್ಕುಗಳ ವಿಷಯವನ್ನು ಕಾಲೇಜಿನಲ್ಲಿ ಬೋಧಿಸುವ ನನಗೆ ಮೂರನೆಯ ಪ್ರಶ್ನೆ ಮುಖ್ಯವೆನಿಸಿತು. ಜಾಲದ ಜಾಹೀರಾತನ್ನು ತೆಗೆದುಹಾಕಿದವರು ಸಾಮಾನ್ಯವಾಗಿ ಹೋಗಿ ಸೇರುವುದು ಪ್ರಾಯೋಜಿತ ಬರಹಕ್ಕೆ, ಅಂದರೆ ಕಂಪನಿಯಿಂದ ಹಣ ಪಡೆದು ಅದರ ವಸ್ತುವಿನ ಬಗ್ಗೆ ಬರೆಯುವುದಕ್ಕೆ. ಅಲ್ಲಿ ಓದುಗರನ್ನು ಹಿಂಬಾಲಿಸುವ ಸಮಸ್ಯೆ ಇರುವುದಿಲ್ಲ, ಬರಹವೇ ಬಾಯಿ ಬದಲಿಸುವ ಸಮಸ್ಯೆ ಇರುತ್ತದೆ. ನನಗೆ ಎರಡನೆಯದೇ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ಸಾಲದ ಜಾಹೀರಾತನ್ನು ಕಂಡು ನಿಮ್ಮ ಅತ್ತೆಗೆ ಅನುಮಾನವಾದರೂ ಬಂತು. ನೀವೇ "ಈ ಕಂಪನಿಯ ಒಂದೆಲಗದ ಪುಡಿ ಒಳ್ಳೆಯದು" ಎಂದು ಬರೆದಿದ್ದರೆ ಅವರು ನಂಬಿಬಿಡುತ್ತಿದ್ದರು.

ಜಾಹೀರಾತು ಗುಣಮಟ್ಟ ಮಂಡಳಿಯಾದ ಎಎಸ್‌ಸಿಐ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹಣ ಮಾತ್ರವಲ್ಲ, ಉಚಿತವಾಗಿ ಪಡೆದ ವಸ್ತುವಿದ್ದರೂ ಅದನ್ನು ಓದುಗರಿಗೆ ಎದ್ದು ಕಾಣುವಂತೆ ತಿಳಿಸಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಇದೇ ಅರ್ಥದ ಸೂಚನೆಗಳನ್ನು ಪ್ರಕಟಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಇವನ್ನು ವಿಡಿಯೋ ಮಾಡುವವರಿಗೆ ಮಾತ್ರ ಎಂದು ವಿದ್ಯಾರ್ಥಿಗಳು ತಿಳಿದಿರುತ್ತಾರೆ, ಹಾಗೇನಿಲ್ಲ. ನಿಮ್ಮದು ತಿನ್ನುವ, ಔಷಧಿಯೆಂದೂ ಬಳಸುವ ಸೊಪ್ಪುಗಳ ವಿಷಯವಾದ್ದರಿಂದ ಇನ್ನಷ್ಟು ಎಚ್ಚರ ಬೇಕು.

ದೊಡ್ಡಪತ್ರೆ:

ಮೂವರಿಗೂ ಕೃತಜ್ಞತೆಗಳು. ಯಾಣದ ದಾರಿಯವರು ಹೇಳಿದಂತೆ ಆ ವಿಭಾಗಗಳನ್ನು ತಡೆದು, ಅತ್ತೆಗೆ ಫೋನ್ ಮಾಡಿ ಪುಟವನ್ನು ಮತ್ತೊಮ್ಮೆ ತೆರೆಯಲು ಹೇಳಿದೆ. ಸಾಲ ಹೋಗಿ ಅಲ್ಲಿ ಸೀರೆ ಬಂದಿದೆಯಂತೆ. ಅವರಿಗೆ ಸಮಾಧಾನವಾಗಿದೆ, ನನಗೆ ಅಷ್ಟಾಗಿ ಆಗಿಲ್ಲ. ಸೀರೆಯನ್ನು ಹುಡುಕಿದವರೂ ಅವರೇ ತಾನೆ? ಪರೀಕ್ಷೆ ಮುಗಿದ ಮೇಲೆ ಜಾಹೀರಾತನ್ನು ಪೂರ್ತಿ ತೆಗೆಯುವ ಯೋಚನೆಯಿದೆ.

ಇದೇ ಹೊತ್ತಿಗೆ ಸಾಗರದ ಕಡೆಯ ನರ್ಸರಿಯವರೊಬ್ಬರು ಚಕ್ರಮುನಿಯ ಬರಹ ಓದಿ, ತಮ್ಮಲ್ಲಿ ಅದರ ಗಿಡಗಳು ಸಿಗುತ್ತವೆಂದು ಒಂದು ಸಾಲು ಹಾಕಿದರೆ ತಿಂಗಳಿಗೆ 300 ರೂಪಾಯಿ ಕೊಡುವುದಾಗಿ ಬರೆದಿದ್ದಾರೆ. ನಾನು ಅವರ ಗಿಡಗಳನ್ನು ನೋಡಿಲ್ಲ. ಒಪ್ಪಿದರೆ ಆ ಸಾಲನ್ನು ಹೇಗೆ ಬರೆಯಬೇಕು?

ತುಂಗಾತೀರ:

ಸಾಧ್ಯವಾದರೆ ಮೊದಲು ಸಾಗರಕ್ಕೆ ಹೋಗಿ ಗಿಡಗಳನ್ನು ನೋಡಿ ಬನ್ನಿ. ಬಳಿಕ ಒಪ್ಪುವುದಾದರೆ, "ಸಹಯೋಗ" ಎಂಬಂಥ ನಯವಾದ ಮಾತು ಬೇಡ, "ಜಾಹೀರಾತು" ಎಂಬ ಪದವನ್ನೇ ಬಳಸಿ. ಅದನ್ನು ಬರಹದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕದೆ ನರ್ಸರಿಯ ಸಾಲಿಗೆ ಮೊದಲೇ, ನಿಮ್ಮ ಅತ್ತೆಗೆ ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡದಾಗಿ ಹಾಕಿ.