ಪದ ಬೇಕು, ನಾಳೆ ಸಂಜೆಯೊಳಗೆ: ‘ಇಂಡಿಪೆಂಡೆಂಟ್ ಲಿವಿಂಗ್’

ಉಡುಪಿಯಿಂದ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು.

ಡಿಸೆಂಬರ್ 3ಕ್ಕೆ ಅಜ್ಜರಕಾಡಿನ ಹತ್ತಿರ ಒಂದು ಹಾಲ್‌ನಲ್ಲಿ ನಾವು ಒಂದಷ್ಟು ಜನ ಸೇರಿ ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಅಂಗವಿಕಲರ ಇಂಡಿಪೆಂಡೆಂಟ್ ಲಿವಿಂಗ್ ಚಳವಳಿಯ ಕಥೆ ಹೇಳುವುದು, ಎರಡು ಹಾಡು, ಊಟ. ಅಷ್ಟೇ. ಫ್ಲೆಕ್ಸ್ ಅಂಗಡಿಯವರು ನಾಳೆ ನಾಲ್ಕು ಗಂಟೆಯೊಳಗೆ ಮ್ಯಾಟರ್ ಕೊಡಿ ಎಂದಿದ್ದಾರೆ. ಹತ್ತಡಿ ಅಗಲ, ನಾಲ್ಕಡಿ ಎತ್ತರ. ದೊಡ್ಡ ಅಕ್ಷರದಲ್ಲಿ ಮೂರು ನಾಲ್ಕು ಪದ ಹಿಡಿಯುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎಡ್ ರಾಬರ್ಟ್ಸ್ ಎಂಬವರಿಗೆ 14ನೇ ವಯಸ್ಸಿನಲ್ಲಿ ಪೋಲಿಯೋ ಬಂತು. ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಏನೂ ಅಲ್ಲಾಡುತ್ತಿರಲಿಲ್ಲ. ಉಸಿರಾಡಲು ರಾತ್ರಿ ಕಬ್ಬಿಣದ ದೊಡ್ಡ ಪೆಟ್ಟಿಗೆಯಂಥ ಯಂತ್ರದೊಳಗೆ ಮಲಗಬೇಕು. 1962ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಆ ಯಂತ್ರಕ್ಕೆ ಹಾಸ್ಟೆಲ್‌ನಲ್ಲಿ ಜಾಗ ಆಗದೆ ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ರೂಮು ಕೊಟ್ಟರು. ಆಮೇಲೆ ಅವರಂಥವರೇ ಇನ್ನಷ್ಟು ಜನ ಬಂದರು. 1972ರಲ್ಲಿ ಅದೇ ಊರಿನಲ್ಲಿ ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್ ಶುರುವಾಯಿತು. ನಡೆಸಿದವರೂ ಅಂಗವಿಕಲರೇ. ಇವರಿಂದ ಯಾವ ಕೆಲಸವೂ ಆಗದು ಎಂದು ಒಂದು ಕಾಲದಲ್ಲಿ ಷರಾ ಬರೆದಿದ್ದ ರಾಜ್ಯದ ಪುನರ್ವಸತಿ ಇಲಾಖೆಗೆ 1975ರಲ್ಲಿ ರಾಬರ್ಟ್ಸ್ ಅವರೇ ಮುಖ್ಯಸ್ಥರಾಗಿ ಹೋಗಿ ಕೂತರು. ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ.

ನನ್ನ ಹತ್ತಿರ ಈಗ ಎರಡು ಪದ ಉಂಟು: ಸ್ವತಂತ್ರ ಜೀವನ, ಸ್ವಾವಲಂಬಿ ಬದುಕು. ಎರಡೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಯಾಕೆಂದು ಆಮೇಲೆ ಹೇಳುತ್ತೇನೆ, ನೀವು ಮೊದಲು ಹೇಳಿ.

ಬ್ರಹ್ಮಾವರದಿಂದ

ಸ್ವಾವಲಂಬನೆ. ಇದಕ್ಕೆ ಚರ್ಚೆ ಯಾಕೆ? ನಿಘಂಟಿನಲ್ಲಿ ಉಂಟು, ಸರ್ಕಾರಿ ಯೋಜನೆಗಳಲ್ಲಿ ಉಂಟು, ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತುಂಟು.

ಸುರತ್ಕಲ್‌ನಿಂದ

ಎಂಟನೇ ಕ್ಲಾಸಿನವರಿಗೆ ಬಾಯಿಪಾಠ ಇರಬಹುದು. ಸ್ವ, ಅವ, ಲಂಬ. ಮೂರು ಸಂಸ್ಕೃತದ ತುಂಡು ಅಂಟಿಸಿ ಇದು ಕನ್ನಡ ಅನ್ನುವುದು. ನಮ್ಮಲ್ಲಿ ಪದವೇ ಇಲ್ಲವಾ? ಹಳ್ಳಿಯ ಅಜ್ಜಿಯೂ ಆಡುವ ಮಾತಿದೆ: ತನ್ನ ಕಾಲ ಮೇಲೆ ತಾನು ನಿಲ್ಲುವುದು. ತನ್ನ, ಕಾಲು, ನಿಲ್ಲು. ಮೂರೂ ಅಚ್ಚ ಕನ್ನಡ. ತಮಿಳಿಗೆ ಹೋದರೆ ಅಲ್ಲೂ ಕಾಲ್, ನಿಲ್. ತುಳುವಿನಲ್ಲಿ ಕಾರ್. ಸಾವಿರಾರು ವರ್ಷದ ನಂಟು.

ಬ್ಯಾನರಿಗೆ: ‘ನಮ್ಮ ಕಾಲ ಮೇಲೆ ನಾವು’. ತಗೊಳ್ಳಿ, ನಾಲ್ಕೇ ಪದ.

ಉಡುಪಿಯಿಂದ

ಮಾರಾಯ್ರೆ, ಆ ಬ್ಯಾನರಿನ ಕೆಳಗೆ ಕೂರುವವರಲ್ಲಿ ಅರ್ಧಕ್ಕರ್ಧ ಜನ ವೀಲ್‌ಚೇರ್‌ನವರು. ನಾನೂ ಸೇರಿ. ನನ್ನ ಕಾಲ ಮೇಲೆ ನಾನು ನಿಂತು ಹತ್ತೊಂಬತ್ತು ವರ್ಷ ಆಯಿತು. ನಿಮ್ಮ ಪತ್ರ ಓದಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡೆ. ಬೇಜಾರಿಲ್ಲ, ಆದರೆ ಫ್ಲೆಕ್ಸ್ ಮಾಡಿಸುವ ಹಾಗಿಲ್ಲ.

ಬ್ರಹ್ಮಾವರದ ಮಾಷ್ಟ್ರಿಗೆ: ಸ್ವಾವಲಂಬನೆ ಯಾಕೆ ಸಿಕ್ಕಿಕೊಳ್ಳುತ್ತದೆ ಅಂದರೆ, ಅದರಲ್ಲಿ ‘ಯಾರನ್ನೂ ಆಶ್ರಯಿಸದೆ’ ಅನ್ನುವ ಅರ್ಥ ಉಂಟು. ಈ ಚಳವಳಿ ಹೇಳುವುದು ಹೆಚ್ಚುಕಡಿಮೆ ಅದರ ಉಲ್ಟಾ. ನನ್ನದೇ ಉದಾಹರಣೆ ಕೊಡುತ್ತೇನೆ. ನಾನೊಬ್ಬಳೇ ಸೀರೆ ಉಟ್ಟು ತಯಾರಾಗಲು ಎರಡು ಗಂಟೆ ಬೇಕು. ಅಷ್ಟಾದ ಮೇಲೆ ಕೆಲಸಕ್ಕೆ ಹೋಗುವ ತ್ರಾಣ ಇರುವುದಿಲ್ಲ. ಕೆಲಸದಾಕೆ ಬಂದರೆ ಇಪ್ಪತ್ತು ನಿಮಿಷ. ಒಂಬತ್ತಕ್ಕೆ ಆಫೀಸಿನಲ್ಲಿ ಇರುತ್ತೇನೆ. ನಿಮ್ಮ ಪದದ ಪ್ರಕಾರ ಮನೆಯಲ್ಲೇ ಸುಸ್ತಾಗಿ ಕೂತವಳು ಸ್ವಾವಲಂಬಿ, ಸಂಬಳ ತರುವವಳು ಪರಾವಲಂಬಿ. ಚಳವಳಿಯವರು ಕೇಳುವುದೇ ಬೇರೆ: ಯಾವಾಗ ಏಳಬೇಕು, ಯಾವ ಸೀರೆ ಉಡಬೇಕು, ಯಾರು ಸಹಾಯಕ್ಕೆ ಬರಬೇಕು, ಇದನ್ನೆಲ್ಲ ಹೇಳುವವರು ಯಾರು? ನಾನಾ, ಮನೆಯವರಾ, ಆಸ್ಪತ್ರೆಯವರಾ?

ಇನ್ನೂ ಒಂದು. 1977ರಲ್ಲಿ ಇದೇ ಚಳವಳಿಯ ಜೂಡಿ ಹ್ಯೂಮನ್ ಮತ್ತು ಜೊತೆಯವರು ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಮೂರು ವಾರಕ್ಕೂ ಮೇಲೆ ಧರಣಿ ಕೂತರು. ಸರ್ಕಾರದ ದುಡ್ಡು ಪಡೆಯುವ ಕಡೆ ಅಂಗವಿಕಲರಿಗೆ ಭೇದ ಮಾಡಬಾರದು ಅನ್ನುವ, 1973ರ ಕಾನೂನಿನ 504ನೇ ಸೆಕ್ಷನ್ನಿಗೆ ನಿಯಮ ಮಾಡಿ ಸಹಿ ಹಾಕಿ ಅಂತ. ಅವರಿಗೆ ಬಿಸಿ ಊಟ ತಂದು ಕೊಟ್ಟವರು ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯವರು. ಮಗ್ಗುಲು ಬದಲಿಸಲು, ಸ್ನಾನಕ್ಕೆ, ಶೌಚಕ್ಕೆ ಒಬ್ಬರಿಗೊಬ್ಬರು ನೆರವು. ಯಾರನ್ನೂ ಅವಲಂಬಿಸುವುದಿಲ್ಲ ಎಂದು ಹಟ ಹಿಡಿದಿದ್ದರೆ ಧರಣಿ ಎರಡನೇ ದಿನವೇ ಏಳುತ್ತಿತ್ತು. ಗೆದ್ದು ಹೊರಗೆ ಬಂದರು.

ಸುರತ್ಕಲ್‌ನಿಂದ

ತಪ್ಪಾಯಿತು ಅಕ್ಕ. ಕಾಲಿನ ಮಾತು ವಾಪಸ್. ಅಚ್ಚ ಕನ್ನಡದ ಮಾತು ವಾಪಸ್ ಇಲ್ಲ.

ಹಾಗಾದರೆ ‘ತನ್ನಾಳ್ವಿಕೆ’. ತನ್ನನ್ನು ತಾನು ಆಳುವುದು. ನಿಮಗೆ ಬೇಕಾದ್ದು ಇದೇ ಅಲ್ವಾ?

ಪುತ್ತೂರಿನಿಂದ

ತನ್ನಾಳ್ವಿಕೆ ಅಂದರೆ ಪಂಚಾಯತ್ ಎಲೆಕ್ಷನ್ ಬಂತಾ ಅಂತ ಕೇಳುತ್ತಾರೆ.

ಸ್ವತಂತ್ರಕ್ಕೂ ಒಂದು ತೊಂದರೆ ಉಂಟು. ಅವಸರದಲ್ಲಿ ಓದುವವನಿಗೆ ‘ಸ್ವಾತಂತ್ರ್ಯ ಚಳವಳಿ’ ಅಂತಲೇ ಕಾಣುತ್ತದೆ. ಒಳಗೆ ಬಂದು ಕಾರ್ನಾಡ್ ಸದಾಶಿವ ರಾಯರ ಫೋಟೋ ಎಲ್ಲಿ ಅಂತ ಹುಡುಕಿಯಾರು. ಇನ್ನು ‘ಬೇರೆ ಇರುವುದು’, ‘ಪ್ರತ್ಯೇಕ ವಾಸ’ ಅಂತೆಲ್ಲ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ನಮ್ಮ ಕಡೆ ಬೇರೆ ಇರುವುದು ಅಂದರೆ ಕುಟುಂಬದ ಮನೆಯಲ್ಲಿ ಪಾಲಾಯಿತು ಅಂತ ಅರ್ಥ. ಅಡಿಕೆ ತೋಟ ಯಾರಿಗೆ ಬಂತು ಅಂತ ವಿಚಾರಿಸುತ್ತಾರೆ.

ಮಣಿಪಾಲದಿಂದ

ಎಲ್ಲ ಹಿರಿಯರ ಕ್ಷಮೆ ಕೇಳಿ: ಇಂಡಿಪೆಂಡೆಂಟ್ ಲಿವಿಂಗ್ ಅಂತಲೇ ಕನ್ನಡ ಅಕ್ಷರದಲ್ಲಿ ಹಾಕಿದರೆ ಏನಾಗುತ್ತದೆ? ಎಲ್ಲರಿಗೂ ಗೊತ್ತಾಗುತ್ತದೆ.

ಪುತ್ತೂರಿನಿಂದ

ಫ್ಲಾಟ್ ಮಾರಾಟಕ್ಕಿದೆ ಅಂತ ಗೊತ್ತಾಗುತ್ತದೆ. ಎರಡು ಬೆಡ್‌ರೂಮ್, ಬಾವಿ ಇದೆ, ಕಾರ್ ಪಾರ್ಕಿಂಗ್ ಇದೆ.

ಸುರತ್ಕಲ್‌ನಿಂದ

ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದರೆ ಅದು ಕನ್ನಡ ಆಗುವುದಿಲ್ಲ ತಮ್ಮ. ಹುಲಿವೇಷ ಹಾಕಿದವ ಹುಲಿಯಾ?

ಮಂಗಳೂರು, ಬಲ್ಮಠದಿಂದ

ಸುರತ್ಕಲ್‌ನವರು ರಾತ್ರಿ ಮನೆಗೆ ಹೋಗಿ ಬಾಗಿಲು ತೆಗೆಯುವುದು ಯಾವುದರಿಂದ? ಚಾವಿಯಿಂದ. ಪೋರ್ಚುಗೀಸರದ್ದು. ತಿಂಗಳ ಕೊನೆಗೆ ಎಣಿಸುವುದು ಪಗಾರ, ಅದೂ ಅವರದ್ದೇ. ಅಂಗಿಗೆ ಇಸ್ತ್ರಿ, ಅದೂ. ಜಿಲ್ಲೆ, ತಾಲೂಕು ಅರಬಿ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ. ಹೊರಗಿನಿಂದ ಬಂದ ಪದಗಳನ್ನು ಆ ಮನುಷ್ಯ ಹೊರಗೆ ನಿಲ್ಲಿಸಲಿಲ್ಲ. ಯಾವ ಊರಿನವ ಅಂತ ಪಕ್ಕದಲ್ಲಿ ಗುರುತು ಹಾಕಿ ಒಳಗೆ ಕೂರಿಸಿದ. ಅಷ್ಟು ಸಾಕು.

ಈಗ ಪದಕ್ಕೆ ಬರೋಣ. ಸ್ವತಂತ್ರ ಅನ್ನುವುದನ್ನು ಯಾರೂ ಬಿಡಿಸಿ ನೋಡಲಿಲ್ಲ. ತಂತ್ರ ಅಂದರೆ ಉಪಾಯ, ಪೂಜೆ ಅಂತ ಮಾತ್ರ ತಿಳಿದಿದ್ದೇವೆ. ಅದರ ಹಳೆಯ ಅರ್ಥ ಮಗ್ಗ, ಮಗ್ಗದ ಹಾಸು. ‘ತನ್’ ಅಂದರೆ ಎಳೆದು ಹಾಸುವುದು. ತಂತು, ತಂತಿ ಎಲ್ಲ ಅದೇ ಮನೆಯವು. ಹಾಗಾಗಿ ಸ್ವತಂತ್ರ ಅಂದರೆ ಸ್ವಂತ ಮಗ್ಗ ಇರುವವ. ಪರತಂತ್ರ ಅಂದರೆ ಇನ್ನೊಬ್ಬನ ಮಗ್ಗದಲ್ಲಿ ಕೂಲಿಗೆ ನೇಯುವವ. ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆ ಇದ್ದ ಬಲ್ಮಠದಲ್ಲಿ ಕೂತು ಹೇಳುತ್ತಿದ್ದೇನೆ, ಸುಮ್ನೆ ಅಲ್ಲ.

ಬ್ರಹ್ಮಾವರದಿಂದ

ಸ್ವಂತ ಮಗ್ಗ ಅನ್ನುವುದು ನಿಮ್ಮ ಕವಿತ್ವ. ತಂತ್ರ ಅಂದರೆ ವ್ಯವಸ್ಥೆ, ಅಧೀನ ಅಂತಲೂ ಆಗುತ್ತದೆ. ಸ್ವತಂತ್ರದಲ್ಲಿ ಇರುವುದು ಆ ಅರ್ಥ. ಮಗ್ಗಕ್ಕೂ ಇದಕ್ಕೂ ನಡುವೆ ದೊಡ್ಡ ಹೊಳೆ ಉಂಟು, ಸಂಕ ಇಲ್ಲ.

ಉಡುಪಿಯಿಂದ

ಸಂಕ ಇಲ್ಲದಿದ್ದರೂ ನನಗೆ ಮಗ್ಗ ಇಷ್ಟವಾಯಿತು. ಮಗ್ಗ ನನ್ನದು, ಯಾವ ಬಣ್ಣ ಅಂತ ಹೇಳುವುದು ನಾನು. ಲಾಳಿ ದೂಡಲು ಯಾರ ಕೈ ಬಂದರೂ ಅಡ್ಡಿಲ್ಲ. ಭಾಷಣದಲ್ಲಿ ಹೇಳುತ್ತೇನೆ, ‘ಒಬ್ಬರು ಹೀಗೆ ಬಿಡಿಸುತ್ತಾರೆ’ ಅಂತ ಸೇರಿಸಿ. ಮಾಷ್ಟ್ರು ಬಂದರೆ ಮುಂದಿನ ಸಾಲಿನಲ್ಲಿ ಕೂರಬೇಡಿ.

ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ 2006ರ ಒಡಂಬಡಿಕೆಯಲ್ಲೂ ವಿಷಯ ಇದೇ. 19ನೇ ವಿಧಿ. ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು ಎಂಬ ಆಯ್ಕೆ ಅಂಗವಿಕಲರದ್ದೇ, ಇಂಥ ಕಡೆಯೇ ಇರಿ ಅಂತ ದೂಡುವಂತಿಲ್ಲ. ಭಾರತ 2007ರಲ್ಲಿ ಅದನ್ನು ಒಪ್ಪಿತು. 2016ರ ನಮ್ಮ ಕಾನೂನಿನ 5ನೇ ಸೆಕ್ಷನ್ನಿನಲ್ಲೂ ಸಮುದಾಯದಲ್ಲಿ ಬದುಕುವ ಹಕ್ಕು ಉಂಟು. ಅಲ್ಲೆಲ್ಲೂ ‘ಯಾರ ನೆರವೂ ಇಲ್ಲದೆ’ ಅಂತ ಬರೆದಿಲ್ಲ. ನೆರವು ಕೊಡಬೇಕು ಅಂತಲೇ ಬರೆದಿದ್ದಾರೆ.

ಬ್ರಹ್ಮಾವರದಿಂದ

ಒಪ್ಪಿದೆ, ಸ್ವಾವಲಂಬನೆ ಬಿಡಿ. ಆದರೆ ಒಂದು ಆಕ್ಷೇಪ. ನೀವು ಪದೇ ಪದೇ ಅಂಗವಿಕಲ ಅಂತ ಬರೆಯುತ್ತಿದ್ದೀರಿ. ಈಗ ವಿಕಲಚೇತನ ಅನ್ನಬೇಕು. ಇಲಾಖೆಯ ಹೆಸರಿನಲ್ಲೇ ಹಾಗೆ ಉಂಟು.

ಉಡುಪಿಯಿಂದ

ಇಲಾಖೆಯ ಬೋರ್ಡು ನೋಡಿದ್ದೇನೆ. ಅರ್ಜಿ ಹಿಡಿದು ಅದರ ಕೆಳಗೆ ಕಾದಿದ್ದೇನೆ ಕೂಡ. ನನಗೆ ವಿಕಲ ಆಗಿರುವುದು ಬೆನ್ನುಹುರಿ. ಚೇತನ ಸರಿಯಾಗಿಯೇ ಉಂಟು.

ಮಣಿಪಾಲದಿಂದ

ದಿವ್ಯಾಂಗ?

ಉಡುಪಿಯಿಂದ

2015ರ ಕೊನೆಗೆ ಪ್ರಧಾನಿಯವರು ರೇಡಿಯೋದಲ್ಲಿ ಆ ಪದ ಹೇಳಿದ ಮೇಲೆ ನನ್ನ ಕಾಲನ್ನು ಬಹಳ ಹೊತ್ತು ನೋಡಿದೆ ತಮ್ಮ. ದಿವ್ಯವಾದದ್ದು ಏನೂ ಕಾಣಲಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ಮೊದಲಿನಷ್ಟೇ ಎತ್ತರ ಇತ್ತು. ನಿಮಗೆ ಆ ಪದ ಇಷ್ಟವಾದರೆ ಬಳಸಿ, ನಮ್ಮಲ್ಲಿ ಕೆಲವರು ಬಳಸುತ್ತಾರೆ, ಜಗಳ ಇಲ್ಲ. ನನ್ನನ್ನು ಏನು ಕರೆಯಬೇಕು ಅಂತ ನನ್ನನ್ನೇ ಕೇಳಿ ಅಂತ ಮಾತ್ರ ಹೇಳುವುದು.

ಪುತ್ತೂರಿನಿಂದ

ಗಂಟೆ ಎರಡಾಯಿತು. ಫ್ಲೆಕ್ಸ್ ನಾಲ್ಕಕ್ಕೆ.

ಉಡುಪಿಯಿಂದ, ಮಂಗಳವಾರ ಮಧ್ಯಾಹ್ನ

ಕಳಿಸಿಬಿಟ್ಟೆ. ದೊಡ್ಡ ಅಕ್ಷರದಲ್ಲಿ: ‘ನಮ್ಮ ಬದುಕು, ನಮ್ಮ ತೀರ್ಮಾನ’. ಕೆಳಗೆ ಸಣ್ಣದಾಗಿ: ‘ಸ್ವತಂತ್ರ ಬದುಕಿನ ಚಳವಳಿಗೆ ಒಂದು ಸಂಜೆ’.

ಜೀವನ ಬಿಟ್ಟು ಬದುಕು ಹಾಕಿದ್ದು ಸುರತ್ಕಲ್‌ನವರ ಮುಖ ನೋಡಿ. ಹಳೆಯ ಬಳಕೆಯಲ್ಲಿ ಬದುಕು ಅಂದರೆ ಆಸ್ತಿಪಾಸ್ತಿ ಅಂತಲೂ ಉಂಟಲ್ಲ. ಅದೂ ನಮಗೆ ಬೇಕಾದ್ದೇ.

ಬ್ರಹ್ಮಾವರದಿಂದ

ಚಳವಳಿಯಾ ಚಳುವಳಿಯಾ? ನಾನು ನಲವತ್ತು ವರ್ಷ ಚಳುವಳಿ ಅಂತ ಕಲಿಸಿದ್ದೇನೆ.

ಬಲ್ಮಠದಿಂದ

ನಲವತ್ತು ವರ್ಷ ತಪ್ಪು ಕಲಿಸಿದ್ದೀರಿ. ಮರಾಠಿಯ ಚಳವಳದಿಂದ ಬಂದದ್ದು. ಳು ಎಲ್ಲಿಂದ ಬರಬೇಕು?

ಸುರತ್ಕಲ್‌ನಿಂದ

ಮರಾಠಿಯಾ! ಅದಾದರೂ ನಮ್ಮದು ಅಂದುಕೊಂಡಿದ್ದೆ.

ಉಡುಪಿಯಿಂದ

ಳ ಮೇಲಿನ ಜಗಳ ನೀವು ಮುಂದುವರಿಸಿ. ಅಂಗಡಿಯವರು ಪ್ರೂಫ್ ಕಳಿಸಿದ್ದಾರೆ. ಅದರಲ್ಲಿ ‘ಸ್ವಾತಂತ್ರ ಬದುಕು’ ಅಂತ ಉಂಟು. ಪುತ್ತೂರಿನವರ ಬಾಯಿ! ತಿದ್ದಿಸಲು ಹೇಳಿದ್ದೇನೆ.

ಇನ್ನೊಂದು ಸಣ್ಣ ಬೋರ್ಡು ಉಂಟು. ಹಾಲ್‌ನ ಎದುರು ಬಾಗಿಲಿಗೆ ಆರು ಮೆಟ್ಟಿಲು. ಹಿಂದಿನಿಂದ ರ‍್ಯಾಂಪ್ ಉಂಟು. ಒಂದಡಿ ಏರಲು 12 ಅಡಿ ಉದ್ದ ಬೇಕು ಅನ್ನುವ ಲೆಕ್ಕ ಸರಿಯಾಗಿಯೇ ಹಿಡಿದಿದ್ದಾರೆ, ಆಶ್ಚರ್ಯ. ಅದಕ್ಕೆ ದಾರಿ ತೋರಿಸುವ ಬೋರ್ಡು. ರ‍್ಯಾಂಪ್‌ಗೆ ಕನ್ನಡದಲ್ಲಿ ಏನನ್ನೋಣ?

ಸುರತ್ಕಲ್‌ನಿಂದ

ಇಳಿಜಾರು. ಅಚ್ಚ ಕನ್ನಡ, ಎರಡು ಮಾತಿಲ್ಲ.

ಉಡುಪಿಯಿಂದ

ಇಳಿಯುವುದು, ಜಾರುವುದು. ವೀಲ್‌ಚೇರ್‌ನಲ್ಲಿ ಕೂತವಳಿಗೆ ಒಳಗೆ ಬನ್ನಿ ಅನ್ನುವ ಬೋರ್ಡಿನಲ್ಲಿ ಎರಡೂ ಬೇಡ.

ಸುರತ್ಕಲ್‌ನಿಂದ

ಹಾಗಾದರೆ ಏರುದಾರಿ.

ಬ್ರಹ್ಮಾವರದಿಂದ

ಹೊರಗೆ ಹೋಗುವಾಗ?

ಉಡುಪಿಯಿಂದ

ಬಾಣದ ಗುರುತು ಹಾಕಿ ಬಿಡುತ್ತೇನೆ. ಹಾಲ್‌ನವರು ಸದ್ಯ ಆ ರ‍್ಯಾಂಪಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ರಾಶಿ ಹಾಕಿದ್ದಾರೆ. ಮೊದಲು ಅದನ್ನು ಎತ್ತಿಸುವ ಕೆಲಸ ಉಂಟು.

ಸುರತ್ಕಲ್‌ನಿಂದ

3ನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಅಕ್ಕ, ನಾನೇ ಎತ್ತಿ ಇಡುತ್ತೇನೆ. ಕುರ್ಚಿ ಅರಬಿ ಪದ.